ಅಜ್ಜಮ್ಮನ ಗಿಂಡಿ

ಚನ್ನಗಿರಿ
ತಾ. ೧೮-೧೧-೧೯೪೧

ಬಿಳಿಚೋಡಿನಲ್ಲಿರುವ ನನ್ನ ಮಗಳು ಸಾವಂತ್ರಮ್ಮನಿಗೆ ಅಪ್ಪನ ಆಶೀರ್ವಾದ. ಅಳಿಯಂದಿರನ್ನೂ ಕೂಸನ್ನೂ ಕೇಳಿದೆನೆಂದು ಹೇಳು.

ನಿನ್ನ ಮೂರು ಕಾಗದಗಳೂ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಿವೆ. ಉತ್ತರ ತಡವಾದದ್ದು ಪುರಸೊತ್ತಿಲ್ಲದೆ ಅಲ್ಲ. ಮೂರರಲ್ಲೂ ನೀನು ಕೇಳಿರುವುದು ಒಂದೇ: ಕೂಸಿಗೆ ಹಾಲು ಕುಡಿಸಲು ಅವ್ವನ ಗಿಂಡಿ ಬೇಕು, ಅದು ಎಲ್ಲಿ? ಆಸ್ಪತ್ರೆಯಲ್ಲಿ ಕಳೆದುಹೋಯಿತೆಂದು ಎರಡು ವರ್ಷದಿಂದ ಹೇಳುತ್ತಾ ಬಂದಿದ್ದೇನೆ. ಈಗ ಸಿಕ್ಕಿದೆ. ಆದರೆ ಕಳಿಸುವಂತಿಲ್ಲ. ಪಾತ್ರೆ ವ್ಯಾಪಾರದವನು ತಕ್ಕಡಿಗೆ ಹಾಕದೆ ಯಾವುದನ್ನೂ ಕೊಡುವುದಿಲ್ಲ, ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ನಿನ್ನ ಅವ್ವ ತೀರಿದ ಮೇಲೆ ಅವಳ ಹೆಸರಿನಲ್ಲಿ ನಾನು ಕಟ್ಟಿದ ಅಜ್ಜಮ್ಮ ಮಂಡಳಿ ನಿನಗೆ ಗೊತ್ತೇ ಇದೆ. ದಿಕ್ಕಿಲ್ಲದ ರೋಗಿಗಳಿಗೆ ಎರಡು ಹೊತ್ತು ಗಂಜಿ, ಅವರ ಜೊತೆ ಬಂದವರಿಗೆ ಮಲಗಲು ನಮ್ಮ ಅಂಗಡಿಯ ಜಗುಲಿ. ಆದರೆ ಆಸ್ಪತ್ರೆಯೊಳಗೆ ನೆಂಟರನ್ನಲ್ಲದೆ ಬೇರೆಯವರನ್ನು ಬಿಡುವುದಿಲ್ಲ. ಗೇಟಿನಲ್ಲಿ ಒಂದು ಪುಸ್ತಕ. ಅದರಲ್ಲಿ ರೋಗಿಯ ಹೆಸರು, ಬಂದವರ ಹೆಸರು, ಪಕ್ಕದಲ್ಲಿ ‘ಏನಾಗಬೇಕು’ ಎಂಬ ಮನೆ. ಹಾಗಾಗಿ ನಾವು ದಿನಕ್ಕೊಂದು ನೆಂಟಸ್ತಿಕೆ ಬರೆಸಿ ಒಳಗೆ ಹೋಗುತ್ತೇವೆ. ಈ ಉಪಾಯ ನನ್ನದೇ ಎಂದು ಊರೆಲ್ಲ ಹೇಳಿಕೊಂಡಿದ್ದೇನೆ. ತಿಪ್ಪೇಶಪ್ಪ ಮೇಷ್ಟ್ರು ಒಂದೇ ಬೆಳಿಗ್ಗೆ ನಾಲ್ವರಿಗೆ ಮಾವನಾದಾಗ ಗೇಟಿನ ಸಣ್ಣಪ್ಪ, “ಮೇಷ್ಟ್ರೇ, ನಿಮಗೆ ಹೆಣ್ಣುಮಕ್ಕಳು ಎಷ್ಟು ಜನ ಅದಾರೆ, ಇವತ್ತಾದ್ರೂ ಹೇಳಿಬಿಡ್ರಿ” ಎಂದನಂತೆ.

ಮಂಡಳಿಯಲ್ಲಿ ಭೀಮಕ್ಕ ಎಂಬವಳಿದ್ದಾಳೆ. ಸಂತೆಯಲ್ಲಿ ಮಂಡಕ್ಕಿ ಮಾರುವ ವಿಧವೆ. ಅವಳನ್ನು ನಾನು ಕರೆದಿರಲಿಲ್ಲ, ತಾನಾಗಿ ಬಂದಳು. ಕರೆಯದೆ ಬಂದವರನ್ನು ನಾನು ಎರಡು ಸಲ ನೋಡುತ್ತೇನೆ. ಮಾತು ಕಡಿಮೆ, ಕೂರುವುದು ಜಾಸ್ತಿ. ಬೇರೆಯವರು ಗಂಜಿ ಕೊಟ್ಟು ಅರ್ಧ ಗಂಟೆಯಲ್ಲಿ ಹೊರಗೆ ಬಂದರೆ ಇವಳು ಮಧ್ಯಾಹ್ನ ಕಳೆದರೂ ಬರುವುದಿಲ್ಲ. ನನ್ನ ಕಣ್ಣು ಸುಮ್ಮನಿರಲಿಲ್ಲ. ಗೇಟಿನ ಪುಸ್ತಕ ತರಿಸಿ ನಾಲ್ಕು ತಿಂಗಳದ್ದು ಎಣಿಸಿದೆ. ‘ತಂಗಿ’ ಎಂದು ಹೆಬ್ಬೆಟ್ಟು ಒತ್ತಿ ಅವಳು ಕೂತದ್ದು ಹನ್ನೊಂದು ಜನರ ಹತ್ತಿರ. ಆ ಹನ್ನೊಂದರಲ್ಲಿ ಒಂಬತ್ತು ಜನ ಸತ್ತಿದ್ದರು. ದಿಕ್ಕಿಲ್ಲದವರು ಸತ್ತರೆ ಅವರ ಗಂಟುಮೂಟೆ ಯಾರ ಕೈ ಸೇರುತ್ತದೆ ಎಂಬ ಯೋಚನೆ ನನಗೆ ಬಂತು.

ಅದರ ಹಿಂದೆಯೇ ಗಿಂಡಿ ಕಂಡಿತು. ಸೂರಗೊಂಡನಕೊಪ್ಪದ ಕಡೆಯ ತಾಂಡಾದ ಮುದುಕಿಯೊಬ್ಬಳು ಕಿಟಕಿಯ ಪಕ್ಕ ಮಲಗಿದ್ದಳು. ಅವಳ ಜನ ಕೂಲಿ ಹುಡುಕಿ ದೂರ ಹೋಗಿದ್ದರು. ಭೀಮಕ್ಕ ಅವಳ ಬಾಯಿಗೆ ನೀರು ಬಿಡುತ್ತಿದ್ದಳು. ಕೈಯಲ್ಲಿದ್ದದ್ದು ನಿನ್ನ ಅವ್ವನ ಗಿಂಡಿ. ಮೂತಿಯ ಬುಡದಲ್ಲಿ ಕಾಣುವ ವಕ್ರ ಬೆಸುಗೆ ನಾನೇ ಹಾಕಿದ್ದು. ವ್ಯಾಪಾರ ಶುರುಮಾಡುವ ಮೊದಲು ನನ್ನ ಕೈಕೆಲಸ ಎಷ್ಟಿತ್ತೆಂಬುದಕ್ಕೆ ಅದೊಂದೇ ಸಾಕ್ಷಿ. ಸತ್ತವಳ ತಲೆದಿಂಬಿನಿಂದ ಎತ್ತಿದ್ದಾಳೆಂದೇ ತಿಳಿದೆ.

ಸಂಜೆ ಜಗುಲಿಯಲ್ಲಿ ಎಲ್ಲರೆದುರು ಕೇಳಿದೆ. ಅವಳು ನೆಲ ನೋಡಿಕೊಂಡು, “ಕೊಟ್ಟೋರು ಕೊಟ್ಟಿದ್ದು ಸಾವ್ಕಾರ್ರೇ” ಎಂದಳು. ಕೊಟ್ಟವರು ಯಾರೆಂದರೆ ಗಿಂಡಿಯನ್ನು ಸೆರಗಿನಿಂದ ಒರೆಸಿದಳು. ನೀನು ಕೂತ ಹಾಸಿಗೆಯವರು ಯಾಕೆ ಏಳುವುದಿಲ್ಲ ಎಂದು ಕೇಳಿದೆ. ಆಗ ತಲೆ ಎತ್ತಿದಳು.

“ಏಳೋರ ಹತ್ರ ನೀವೆಲ್ಲ ಇರ್ತೀರಿ. ಮನೀಗೆ ಹೋಗೋವಾಗ ಕೈ ಮುಗದು ಹೋಗ್ತಾರೆ. ಏಳದವರ ಹತ್ರ ಕೂರಾಕೆ ಯಾರಾದ್ರೂ ಬೇಕಲ್ರೀ.”

ಮೇಷ್ಟ್ರು ನಶ್ಯದ ಡಬ್ಬಿ ಹುಡುಕತೊಡಗಿದರು. ನನಗೆ ಸಿಟ್ಟು ಇಳಿಯಲಿಲ್ಲ. ಚೆನ್ನಾಗಿ ಮಾತಾಡುವ ಕಳ್ಳರನ್ನು ಬೇಕಾದಷ್ಟು ಕಂಡವನು ನಾನು. ಇನ್ನು ಅವಳನ್ನು ಒಳಗೆ ಬಿಡಬೇಡವೆಂದು ಸಣ್ಣಪ್ಪನಿಗೆ ಹೇಳಿ ಕಳಿಸಿದೆ. ಅವಳು ಗಿಂಡಿಯನ್ನು ಜಗುಲಿಯ ಮೇಲಿಟ್ಟು, ಸೆರಗು ಹೊದ್ದು ಹೋದಳು.

ಮರುದಿನದಿಂದ ತಾಂಡಾದ ಮುದುಕಿ ಗಂಜಿಗೆ ಬಾಯಿ ಬಿಡಲಿಲ್ಲ. ಮೇಷ್ಟ್ರು ಹೋದರೆ ಗೋಡೆ ಕಡೆ ತಿರುಗಿದಳು. ನಾನು ‘ಅಣ್ಣ’ ಎಂದು ಬರೆಸಿ ಹೋದೆ. ಒಮ್ಮೆ ಕಣ್ಣು ತೆರೆದು, “ನನ್ನ ತಂಗಿ ಎಲ್ಲಿ?” ಎಂದು ಕೇಳಿ ಮತ್ತೆ ಮುಚ್ಚಿದಳು. ಮೂರು ದಿನ ಹೀಗೇ ನಡೆಯಿತು. ನಾಲ್ಕು ಗುಟುಕಾದರೂ ಒಳಗೆ ಹೋಗದಿದ್ದರೆ ಸಂಕಟಪಟ್ಟೇ ಸಾಯುತ್ತಾಳೆಂದು ಡಾಕ್ಟರು ಹೇಳಿದರು. ಸಣ್ಣಪ್ಪ, “ಹಟ ಸಾಕು ಮಾಡ್ರಿ, ಆಯಮ್ಮನ್ನ ಕರಸ್ರಿ” ಎಂದ. ನಾನು ಕರೆಸಲಿಲ್ಲ. ಬದಲಿಗೆ ಅಟ್ಟದ ಮೇಲಿದ್ದ ಗೇಟಿನ ಹಳೆಯ ಪುಸ್ತಕಗಳನ್ನು ಇಳಿಸು ಎಂದೆ. ಇವಳ ಕೈಚಳಕ ಎಂದಿನಿಂದ ನಡೆದಿದೆಯೆಂದು ತಾರೀಖಿನ ಸಮೇತ ತೋರಿಸಿ ಎಲ್ಲರ ಬಾಯಿ ಮುಚ್ಚಿಸಬೇಕಿತ್ತು. ಸಣ್ಣಪ್ಪ ಇಲ್ಲಿಗೆ ಬಂದು ಒಂದೇ ವರ್ಷ. ಅದರಲ್ಲೇನಿದೆಯೆಂದು ಅವನಿಗೂ ಗೊತ್ತಿರಲಿಲ್ಲ.

ಹುಡುಕಿದ್ದು ಸಿಕ್ಕಿತು. ಪುಸ್ತಕ ಮುಚ್ಚಿ, ಗಿಂಡಿ ಹಿಡಿದು ನೇರ ಅವಳ ಮನೆಗೆ ಹೋದೆ. ಮಂಡಕ್ಕಿ ಹುರಿಯುತ್ತಿದ್ದಳು, ಬನ್ನಿ ಎನ್ನಲಿಲ್ಲ. ಗಿಂಡಿಯನ್ನು ಹೊಸ್ತಿಲ ಮೇಲಿಟ್ಟು, ಅಜ್ಜಿ ಏನೂ ತಿಂದಿಲ್ಲ, ಬಾರವ್ವ ಎಂದೆ.

“ಪುಸ್ತಕ ನೋಡಿದ್ರೇನು?” ಎಂದಳು.

ನೋಡಿದೆ ಎಂದೆ. ಒಲೆಯ ಕೆಂಡದ ಮೇಲೆ ಬೂದಿ ಎಳೆದು, ಗಿಂಡಿ ಎತ್ತಿಕೊಂಡು ನನ್ನ ಮುಂದೆ ನಡೆದಳು.

ಮುದುಕಿ ಉಳಿಯುವವಳಲ್ಲ, ಮೊನ್ನೆ ಹೋದಳು. ಆದರೆ ಐದು ದಿನ ಗಂಜಿ ಕುಡಿದು, ಭೀಮಕ್ಕನ ಮೊಣಕೈ ಹಿಡಿದುಕೊಂಡೇ ಹೋದಳು. ಅವಳ ಗಂಟಿನಲ್ಲಿದ್ದ ಬೆಳ್ಳಿಯನ್ನು ಭೀಮಕ್ಕ ಡಾಕ್ಟರ ಮುಂದೆ ಬಿಚ್ಚಿ ತೋರಿಸಿ, ತಾಂಡಾಕ್ಕೆ ತಲುಪಿಸಲು ಒಪ್ಪಿಸಿದ್ದಾಳೆ. ಮೊದಲಿನವರದ್ದೂ ಹೀಗೇ ಅಂತೆ. ನಾನು ವಿಚಾರಿಸಿಯೇ ಇರಲಿಲ್ಲ. ತಪ್ಪು ನನ್ನದೆಂದು ಮಂಡಳಿಯಲ್ಲಿ ಹೇಳಿದೆ. ಎಂಥ ತಪ್ಪು ಎಂದು ಮೇಷ್ಟ್ರು ಕೇಳಿದರು. ನಾನು ರಾಗಿ ಬೆಳೆಯ ಮಾತು ತೆಗೆದೆ.

ಗಿಂಡಿ ಅವಳ ಹತ್ತಿರವೇ ಇರಲಿ. ಕೂಸಿಗೆ ಹೊಸದೊಂದನ್ನು ನಾನೇ ಆರಿಸಿ ಕಳಿಸುತ್ತೇನೆ, ಬೆಸುಗೆ ಇಲ್ಲದ್ದು. ಸಂಕ್ರಾಂತಿಗೆ ತಪ್ಪದೆ ಬಾ. ನಿನ್ನ ಮನೆ ತುಂಬಿರಲಿ, ಕೂಸು ಕೈಕಾಲು ಗಟ್ಟಿಯಾಗಿ ಬೆಳೆಯಲಿ.

ನಿನ್ನ ಅಪ್ಪ,
ಮುರುಗೇಶಪ್ಪ

ಮತ್ತೊಂದು ಮಾತು: ಹಳೆಯ ಪುಸ್ತಕದಲ್ಲಿ ಕಂಡದ್ದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಮೂವತ್ತೊಂಬತ್ತನೇ ಇಸವಿ, ಜುಲೈ. ರೋಗಿ ಅಜ್ಜಮ್ಮ. ಮೊದಲ ದಿನ ನನ್ನ ಸಹಿ, ‘ಗಂಡ’. ಆಮೇಲಿನ ಎಂಟು ದಿನವೂ ಭೀಮಕ್ಕನ ಹೆಬ್ಬೆಟ್ಟು ಎರಡೆರಡು ಇವೆ. ಪಕ್ಕದ ಹಾಸಿಗೆಯಲ್ಲಿದ್ದ ತನ್ನ ಗಂಡನಿಗೆ ‘ಹೆಂಡತಿ’, ನಿನ್ನ ಅವ್ವನಿಗೆ ‘ತಂಗಿ’. ನೆಂಟಸ್ತಿಕೆಯ ಉಪಾಯವೂ ನನ್ನದಲ್ಲ. ಬರೀ ಜ್ವರವೆಂದು ತಿಳಿದು ನಾನು ಮದುವೆಯೊಂದಕ್ಕೆ ಪಾತ್ರೆ ಹಾಕಲು ಹೊನ್ನಾಳಿಗೆ ಗಾಡಿ ಕಟ್ಟಿಸಿದ್ದೆ. ಬಂದಾಗ ನಿನ್ನ ಅವ್ವನ ಮುಖಕ್ಕೆ ಬಟ್ಟೆ ಎಳೆದಿದ್ದರು. ಕಡೆಯ ನೀರು ನನ್ನ ಕೈಯಿಂದ ಕುಡಿದಳು, ನಿನ್ನ ಹೆಸರು ಹಿಡಿದಳು ಎಂದು ನಿನಗೆ ಹೇಳಿದೆ, ಊರಿಗೂ ಹೇಳಿದೆ. ಭೀಮಕ್ಕ ಎರಡು ವರ್ಷ ಎದುರಿಗೇ ಕೂತು ಅದನ್ನು ಕೇಳಿದಳು, ಒಂದು ಸಲವೂ ನನ್ನನ್ನು ತಿದ್ದಲಿಲ್ಲ.

ಅವ್ವ ನಿನ್ನ ಹೆಸರು ಹಿಡಿದಳೋ ಇಲ್ಲವೋ ಭೀಮಕ್ಕನೊಬ್ಬಳಿಗೆ ಗೊತ್ತು. ಬಂದಾಗ ನೀನೇ ಕೇಳು. ನಾನು ಇನ್ನೂ ಕೇಳಿಲ್ಲ.