ಗ್ರಂಥಾಲಯದ ಇಳಿಜಾರು

ತಪಾಸಣೆಯ ಸಾಹೇಬರಿಗೆ ನಮಸ್ಕಾರ.

ಗ್ರಂಥಾಲಯದ ಬಾಗಿಲಿಗೆ ಗಾಲಿಕುರ್ಚಿಯ ಇಳಿಜಾರು ಕಟ್ಟಿದ ಗಾರೆಯವನು ನಾನು. ನಕ್ಷೆಯಲ್ಲಿ ಇಪ್ಪತ್ತನಾಲ್ಕು ಅಡಿ ಉದ್ದವಿತ್ತು. ಕಾರು ನಿಲ್ಲಿಸಲು ಜಾಗ ಬೇಕೆಂದು ಹತ್ತಕ್ಕೆ ಮುಗಿಸಿದೆವು, ಏರು ಕಡಿದಾಯಿತು. ನಿಮ್ಮೆದುರು ಕುರ್ಚಿಯಲ್ಲಿ ಹತ್ತಿ ತೋರಿಸಿದವನೂ ನಾನೇ. "ಕಾಲ ಮೇಲೆ ಚಾದರ ಮುಚ್ಚಿದೀನಿ, ಒಳಗೇ ಕಾಲೂರ್ಕೊಂಡು ಹತ್ತೋ ಮಹಾರಾಜ" ಎಂದು ಮೇಸ್ತ್ರಿ ಪಿಸುಗುಟ್ಟಿದ್ದರು. ಹಾಗೇ ಹತ್ತಿದೆ, ನೀವು ಸಹಿ ಹಾಕಿದಿರಿ.

ಸೋಮವಾರ ಅಲ್ಲಿಂದ ಗಾಲಿಕುರ್ಚಿ ಸಮೇತ ಹಿಂದಕ್ಕೆ ಉರುಳಿದ ಟೀಚರಮ್ಮನ ಸೊಂಟ ಮುರಿದಿದೆ. ಆಸ್ಪತ್ರೆಗೆ ಹೋಗಿದ್ದೆ. "ನನ್ನ ತೋಳಲ್ಲೇ ಕಸುವಿಲ್ಲ ಕಣಪ್ಪ, ಕಟ್ಟಿದೋರನ್ನ ಯಾಕೆ ಬೈಲಿ" ಎಂದರು. ಕಟ್ಟಿದ್ದು ನಾನೇ ಎಂದೆ. ಅವರು ಗೋಡೆಯ ಕಡೆ ಮುಖ ತಿರುಗಿಸಿದರು.

ಅವರದೇ ತಪ್ಪೆಂದು ವರದಿ ಬರೆಯಬೇಡಿ. ಇಳಿಜಾರು ಒಡೆಯಲು ಅಪ್ಪಣೆ ಕೊಡಿ, ಕೂಲಿ ಬೇಡ. ಅಲ್ಲಿಯವರೆಗೆ ಅಡ್ಡ ಹಗ್ಗ ಕಟ್ಟಿಸಿ. ನಾನು ಕಟ್ಟಿದ ಹಗ್ಗವನ್ನು ಕಾವಲುಗಾರ ಎರಡು ಸಲ ಬಿಚ್ಚಿದ್ದಾನೆ.

ತಪ್ಪೊಪ್ಪಿಕೊಂಡು,
ಗಾರೆಯವನು