ತುಂಬುವ ತನಕ ನಿಂತ ಎಕ್ಸ್‌ಪ್ರೆಸ್

ಧಾರೇಶ್ವರ
12 ಆಗಸ್ಟ್ 2003

ಶ್ರೀಧರ ಅವರಿಗೆ ವನಮಾಲಾಳ ನಮಸ್ಕಾರ,

'ಪ್ರೀತಿಯ' ಎಂದು ಬರೆಯಲು ಕೈ ಏಳಲಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಮಾಡಿಕೊಂಡರೂ ಅಡ್ಡಿಯಿಲ್ಲ. ನಿಮ್ಮ ಪತ್ರ ಬಂತು. ಮೇಲೆ 'ನೀನಿಲ್ಲದೆ ಮನೆ ಬಿಕೋ ಎನ್ನುತ್ತಿದೆ' ಎಂಬ ಒಂದು ಸಾಲು, ಕೆಳಗೆ ಹಾಳೆ ತುಂಬ ರೈಲು. ಓದಿ ಹೇಸಿಗೆಯಾಯಿತು.

ಆ ಕಂಪ್ಯೂಟರ್ ಪತ್ರಿಕೆಯವರು ನಮ್ಮ ಕಂಪ್ಯೂಟರಿನಲ್ಲಿ ಕಟ್ಟಿದ ರೈಲು ಆಟದ ನಕ್ಷೆಗೆ ಬಹುಮಾನ ಕೊಟ್ಟರು ಎಂದಾಗ ನಾನೂ ಹಿಗ್ಗಿದ್ದೆ. ಸಂಚಿಕೆ ಬಿಡಿಸಿ ನೋಡಿದರೆ ನಿಮ್ಮ ಫೋಟೋ, ನಿಮ್ಮದೇ ಹೆಸರು. ಕುಮಟಾದಿಂದ ಭಟ್ಕಳದವರೆಗೆ ಎಕ್ಸ್‌ಪ್ರೆಸ್ ಗಾಡಿಗಳಿಗೆ ಬೇರೆ ಹಳಿ ಹಾಕುವ ಯೋಚನೆ ಹೇಗೆ ಬಂತು ಎಂದು ಅವರು ಕೇಳಿದ್ದಕ್ಕೆ, ಸಮುದ್ರ ದಂಡೆಯಲ್ಲಿ ತಿರುಗಾಡುವಾಗ ಹೊಳೆಯಿತು ಎಂದಿದ್ದೀರಿ. ನನ್ನ ಬಗ್ಗೆ, 'ಹೆಂಡತಿ ಆಗಾಗ ಚಹಾ ಮಾಡಿಕೊಟ್ಟು ಸಹಕರಿಸಿದಳು' ಅಂತ. ಆ ಮನೆಯಲ್ಲಿ ಚಹಾ ಮಾಡುತ್ತಿದ್ದವರು ಯಾರೆಂದು ಮೀನು ತರುವ ಸುಕ್ರಿಗೂ ಗೊತ್ತು.

ನಿಲ್ದಾಣಕ್ಕೆ ಮೊದಲೇ ಹಳಿಯನ್ನು ಕವಲು ಮಾಡಿ, ಪ್ಲಾಟ್‌ಫಾರ್ಮಿನ ಹೊರಗಿಂದ ಸುತ್ತಿಸಿ, ಮುಂದೆ ಕೂಡಿಸಿದವಳು ನಾನು. ಲೋಕಲ್ ಗಾಡಿ ನಮ್ಮ ಧಾರೇಶ್ವರದಂಥ ಸಣ್ಣ ಊರಲ್ಲಿ ನಿಧಾನ ನಿಲ್ಲಲಿ, ಎಕ್ಸ್‌ಪ್ರೆಸ್ ದೊಡ್ಡ ಊರಲ್ಲಷ್ಟೇ ನಿಂತು ತನ್ನ ಪಾಡಿಗೆ ಹೋಗಲಿ ಎಂದು. ಹಳಿ ಕೂಡುವಲ್ಲಿ ಸಿಗ್ನಲ್ ಎಲ್ಲಿಡಬೇಕೆಂದು ತಿಳಿಯದೆ ಎಷ್ಟು ಸಲ ಕೆಡವಿ ಕಟ್ಟಿದ್ದೇನೆ. ನೀವು ಚಹಾ ತಂದಿಟ್ಟು ಹಿಂದೆ ನಿಂತು ಆಕಳಿಸುತ್ತಿದ್ದಿರಿ.

ಇಲ್ಲಿ ತವರಲ್ಲಿ ಆಯಿಗೆ ಇದೆಲ್ಲ ಅರ್ಥವಾಗುವುದಿಲ್ಲ. 'ಎಂತ ಆತೇ ನಿಂಗೆ, ಆಟದ ರೈಲಿಗೆ ಯಾರಾದ್ರೂ ಗಂಡನ್ನ ಬಿಟ್ಟು ಬತ್ರಾ?' ಎಂದು ದಿನವೂ ಕೇಳುತ್ತಾಳೆ. ರೈಲಿಗಲ್ಲ, ಚಹಾಕ್ಕೆ ಎಂದರೆ ನನಗೆ ಹುಚ್ಚು ಹಿಡಿದಿದೆ ಅನ್ನುತ್ತಾಳೆ.

ಈಗ ಪತ್ರಿಕೆಯ ಜೊತೆ ಕೊಟ್ಟ ಸಿ.ಡಿ. ಹಾಕಿ ನೋಡಿದವರೆಲ್ಲ ದೂರುತ್ತಿದ್ದಾರಂತೆ. ಎಕ್ಸ್‌ಪ್ರೆಸ್ ಹೊನ್ನಾವರದಲ್ಲಿ ನಿಂತದ್ದು ಹೊರಡುವುದೇ ಇಲ್ಲ, ಹಿಂದೆ ಕುಮಟಾದವರೆಗೂ ಗಾಡಿಗಳ ಸಾಲು. ಅಂದರೆ ಕಳಿಸುವ ಮುಂಚೆ ನೀವು ಕೈ ಹಾಕಿದ್ದೀರಿ. 'ಪೂರ್ತಿ ತುಂಬುವ ತನಕ ಕಾಯಿ' ಎಂದು ಎಲ್ಲ ಗಾಡಿಗೂ ಅಪ್ಪಣೆ ಕೊಟ್ಟಿದ್ದೀರಿ. ತದಡಿಯಲ್ಲಿ ಜನರನ್ನು ಹೊಳೆ ದಾಟಿಸುವ ತಾರಿ ದೋಣಿ ನಡೆಸುವವರ ಮನೆಯಲ್ಲಿ ಹುಟ್ಟಿದವರಲ್ಲವೇ. ಮಾವನವರು ದಡದಲ್ಲಿ ನಿಂತು, 'ಇನ್ನೊಂದ್ ನಾಕ್ ಜನ ಬರ್ಲಿ, ಬಿಡುವಾ' ಎನ್ನುತ್ತಿದ್ದದ್ದು ನನಗೂ ನೆನಪಿದೆ. ಆದರೆ ದೋಣಿ ನಿಂತರೆ ಪಕ್ಕದಿಂದ ಇನ್ನೊಂದು ದೋಣಿ ಹೋಗುತ್ತದೆ, ನಿಲ್ದಾಣದಲ್ಲಿ ನಿಂತ ರೈಲಿನ ಮೇಲಿಂದ ಇನ್ನೊಂದು ರೈಲು ಹಾರುವುದಿಲ್ಲ. ಇದನ್ನು ನಾನು ಹೇಳಿದ್ದೆ, ನೀವು ತಲೆಯಾಡಿಸಿದ್ದಿರಿ.

ಹೀಗೇಕಾಯಿತೆಂದು ಮುಂದಿನ ಸಂಚಿಕೆಗೆ ವಿವರಿಸಿ ಎಂದು ಅವರು ನಿಮ್ಮನ್ನು ಕೇಳಿದ್ದಾರೆ. ನಾನು ಬರೆದುಕೊಡಬೇಕು, ಕೆಳಗೆ ನೀವು ಸಹಿ ಹಾಕುತ್ತೀರಿ, 'ಹಾಗೇ ಭಾನುವಾರ ಬಂದುಬಿಡು' ಎಂದಿದ್ದೀರಿ. ಕೊನೆಗೊಂದು ಪ್ರಶ್ನೆ ಬೇರೆ: ಸಿಗ್ನಲ್ ಇರುವುದು ಹಳಿ ಕೂಡುವ ಮೊದಲೋ, ಆಮೇಲೋ? ಬಹುಮಾನ ಪಡೆದವರು ಕೇಳುವ ಮಾತೇ ಇದು? ನಾಚಿಕೆ ನಿಮಗಾಗಬೇಕಿತ್ತು, ನನಗಾಯಿತು. ಪತ್ರವನ್ನು ಒಲೆಗೆ ಹಾಕೋಣ ಎಂದು ಎದ್ದವಳು ಮತ್ತೆ ಮಡಚಿಟ್ಟೆ.

ಬರೆಯುತ್ತೇನೆ. ಆದರೆ ಕೆಳಗೆ ನನ್ನ ಹೆಸರಿರುತ್ತದೆ. ಅದು ಅಚ್ಚಾಗಿ ಬರುವವರೆಗೆ ನಾನು ಹೊನ್ನಾವರಕ್ಕೆ ಬರುವುದಿಲ್ಲ. ನೀವೂ ಇಲ್ಲಿಗೆ ಬಂದು ಆಯಿಯ ಮುಂದೆ ಸಣ್ಣ ಮುಖ ಮಾಡಿ ಕೂರಬೇಡಿ.

ಇಂತಿ,
ವನಮಾಲಾ

ತಾ.ಕ.: ಬರೆಯುತ್ತೇನೆ ಎಂದದ್ದು ಸುಳ್ಳು. ನಿನ್ನೆಯೇ ಬರೆದು ಪತ್ರಿಕೆಯವರಿಗೆ ಅಂಚೆಗೆ ಹಾಕಿಯಾಗಿದೆ. ನನ್ನ ಹೆಸರಿನ ಪಕ್ಕ ನಿಮ್ಮದನ್ನೂ ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ, ಮತ್ತೆ ಹೊಡೆದುಹಾಕಿದೆ. ಬೇರೆ ಹಾಳೆಯಲ್ಲಿ ಚೊಕ್ಕವಾಗಿ ಬರೆದು ಕಳಿಸಬಹುದಿತ್ತು, ಆ ಹೊಡೆದುಹಾಕಿದ ಹಾಳೆಯನ್ನೇ ಕಳಿಸಿದೆ.