ನೂರಕ್ಕೆ ತೊಂಬತ್ತು

ಹೊಸೂರು
2-4-1985

ಪ್ರೀತಿಯ ತಮ್ಮ ಶ್ಯಾಮಣ್ಣನಿಗೆ ನಿನ್ನ ಅಣ್ಣ ಅಂಜನಪ್ಪ ಮಾಡುವ ಆಶೀರ್ವಾದ.

ಹೆಂಗಿದ್ದೀಯ? ಮಳೆಗಾಲದಲ್ಲಿ ಹಿಡಿದಿದ್ದ ಜ್ವರ ಪೂರ್ತಿ ಬಿಡ್ತಾ, ಇಲ್ಲ ಇನ್ನೂ ಸಾಯಂಕಾಲ ಆದ್ರೆ ಮೈ ಬಿಸಿ ಆಗ್ತದಾ? ಚೆನ್ನಮ್ಮತ್ತೆ ಮಂಡಿ ನೋವು ಹೆಂಗೈತೆ? ಈ ಸಲ ಹುರುಳಿ ಮನೆಗೆ ಬಂತಾ, ಇಲ್ಲ ಆನೆಗಳ ಪಾಲಾಯ್ತಾ? ಅಂಚೆಟ್ಟಿಗೆ ಬಸ್ಸು ಬಂದ್ರೆ ಬಂತು, ಇಲ್ದಿದ್ರೆ ಇಲ್ಲ, ಅಲ್ಲಿಂದ ನಿಮ್ಮೂರಿಗೆ ಕಾಡು ಹಾದೀಲಿ ನಡೀಬೇಕು. ಈ ಕಾಗದ ನಿನ್ನ ಕೈ ಸೇರೋ ಹೊತ್ತಿಗೆ ಎಷ್ಟು ದಿನ ಆಗ್ತದೋ ಏನೋ. ಇಲ್ಲಿ ಎಲ್ಲಾರೂ ಚೆನ್ನಾಗವ್ರೆ. ಅಮ್ಮ ದಿನಾ ನಿನ್ನ ಹೆಸರು ಹೇಳಿಯೇ ಮುದ್ದೆ ಮುರಿಯೋದು. ನಿನ್ನತ್ತಿಗೆ ಇಂದ್ರಮ್ಮ ನಿನಗೆ ಅಂತ ಹಪ್ಪಳ ಒಣಗಿಸಿ ಡಬ್ಬಿಗೆ ತುಂಬವಳೆ, ಕೊಟ್ಟು ಕಳಿಸೋಕೆ ಆ ಕಡೆ ಹೋಗೋರು ಯಾರೂ ಸಿಗ್ಲಿಲ್ಲ. ಮುನಿರತ್ನ ಒಂದನೇ ಕ್ಲಾಸಿಗೆ ಹೋಗ್ತವಳೆ, ಅಲ್ಲಿ ತಮಿಳು ಕಲಿತು ಬಂದು ನಮ್ಮಮ್ಮನ್ನೇ ತಿದ್ದುತಾಳೆ. ಚಿಕ್ಕಪ್ಪ ಹೆಂಗವ್ರೆ ನೋಡೋಕೆ ಅಂತ ಕೇಳ್ತಾಳೆ. ನನ್ನಂಗೆ, ಆದ್ರೆ ಮೂಗು ನೆಟ್ಟಗೈತೆ ಅಂತ ಹೇಳಿದೀನಿ.

ಯುಗಾದಿ ಹಬ್ಬ ಚೆನ್ನಾಗಾಯ್ತು. ಮಾರನೇ ದಿನ ಹೊಸತೊಡಕಿಗೆ ಕಾರ್ಖಾನೆಯಿಂದ ನಂಜಪ್ಪ ಮತ್ತೆ ಇನ್ನೊಂದಿಬ್ಬರನ್ನ ಊಟಕ್ಕೆ ಕರೆದಿದ್ದೆ. ಬಾಡೂಟ ಆದ್ಮೇಲೆ ಹೊಂಗೆ ಮರದ ಕೆಳಗೆ ಚಾಪೆ ಹಾಸಿ ಇಸ್ಪೀಟಿಗೆ ಕೂತ್ವಿ. ಅಪ್ಪ ಹಾಕಿದ ಕಟ್ಟು ಇನ್ನೂ ನಡೀತೈತೆ, ನಮ್ಮನೇಲಿ ದುಡ್ಡಿಟ್ಟು ಆಡೋ ಹಂಗಿಲ್ಲ, ಹುಣಸೆ ಬೀಜವೇ ಪಣ. ಕೊನೇಲಿ ಯಾರ ಹತ್ರ ಬೀಜ ಉಳೀತದೋ ಅವನ ಮಾತು ನಡೀಬೇಕು, ಸೋತೋನು ಮುಂದಿನ ಯುಗಾದಿವರೆಗೂ ಆ ಮಾತು ಮೀರೋ ಹಂಗಿಲ್ಲ. ನಿನಗೆ ನೆನಪೈತಲ್ಲ, ಒಂದ್ಸಲ ನೀನು ಗೆದ್ದು ಒಂದು ವರ್ಷ ಪೂರ್ತಿ ನನ್ನ ಕೈಲಿ ಕೊಟ್ಟಿಗೆ ಬಳಿಸಿದ್ದೆ. ಸಗಣಿ ವಾಸನೆ ಹೋಗ್ಲಿ ಅಂತ ನಾನು ಕೈ ತಿಕ್ಕಿದಷ್ಟೂ ನೀನು ನಗ್ತಿದ್ದೆ.

ನಾನು ಬರೀಬೇಕು ಅಂತ ಕೂತಿರೋದು ಬೇರೆ ಆಟದ ವಿಚಾರ. ಆರು ವರ್ಷದ ಹಿಂದೆ ನಮ್ಮ ಹೊಲವನ್ನ ಕಾರ್ಖಾನೆಗೆ ತಗೊಂಡ್ರಲ್ಲ, ಆ ವರ್ಷದ್ದು. ಹೊಲ ಕೊಟ್ಟ ಮನೆಗೊಂದೇ ಕೆಲಸ ಅಂದ್ಬುಟ್ರು, ಮನೇಲಿ ಗಂಡುಮಕ್ಕಳು ನಾವಿಬ್ಬರು. ನಿಜ ಹೇಳ್ಬೇಕಂದ್ರೆ ಆ ಕೆಲಸ ನಿನಗೇ ಹೇಳಿ ಮಾಡಿಸಿದ್ದು. ಊರಲ್ಲಿ ಯಾರ ಬಾವಿ ಮೋಟ್ರು ಕೆಟ್ಟರೂ ಬಿಚ್ಚಿ ಕಟ್ತಿದ್ದೋನು ನೀನು, ನಾನು ಸೈಕಲ್ ಚೈನು ಹಾಕೋಕೆ ಹೋಗಿ ಬೆರಳು ಜಜ್ಜಿಸಿಕೊಂಡೋನು. ಆದ್ರೂ ನನಗೂ ಆಸೆ ಇತ್ತು ಕಣ್ಲಾ. ಇಂದ್ರಮ್ಮನಿಗೆ ತುಂಬಿದ ತಿಂಗಳು. ಜಗಳ ಆಡೋದು ಬೇಡ, ಹೊಸತೊಡಕಿನ ಆಟದಲ್ಲಿ ತೀರ್ಮಾನ ಆಗ್ಲಿ, ಗೆದ್ದೋನ ಮಾತು ಅಂತ ಇಬ್ಬರೂ ಒಪ್ಪಿಕೊಂಡ್ವಿ. ಒಂದು ಮನೆಯ ಅನ್ನವನ್ನ ಎಲೆ ಮೇಲೆ ಇಟ್ಟು ಆಡೋ ಬುದ್ಧಿ ಬೇರೆ ಯಾವ ಮನೇಲಿ ಬರ್ತದೆ ಹೇಳು.

ಆಗಲೇ ಅಲ್ವಾ ಆ ಕ್ಯಾಲ್ಕುಲೇಟರ್ ಬಂದಿದ್ದು. ಜೂಜುವಾಡಿ ಗಡೀಲಿ ಲಾರಿ ನಿಲ್ಲಿಸ್ತಿದ್ದ ಆವುಲಪ್ಪ ಮದ್ರಾಸಿಂದ ತಂದುಕೊಟ್ಟ. ಕೆಂಪು ಅಂಕಿ ಮೂಡೋದು, ಬಿಸಿಲಲ್ಲಿ ಕೈ ಅಡ್ಡ ಹಿಡಿದ್ರೇನೇ ಕಾಣೋದು. ಮೂರೆಲೆ ಆಟದ ಲೆಕ್ಕವನ್ನೆಲ್ಲ ಅದರಲ್ಲಿ ಹಾಕಿ ನೋಡಿದ್ದೆ. ಐವತ್ತೆರಡು ಎಲೇಲಿ ಮೂರೆಲೆ ಎಷ್ಟು ಥರ ಕೈಗೆ ಬರಬಹುದು, ಜೋಡಿ ಎಷ್ಟು, ಒಂದೇ ಬಣ್ಣ ಎಷ್ಟು, ಅದರಲ್ಲಿ ನನ್ನ ಎಲೆಗಿಂತ ದೊಡ್ಡವು ಎಷ್ಟು, ಎಲ್ಲಾ. ಕೊನೇ ಆಟಕ್ಕೆ ನೀನು ನಾನು ಇಬ್ಬರೇ ಉಳಿದ್ವಿ. ನನಗೆ ಎರಡು ರಾಜ ಒಂದು ಒಂಬತ್ತು ಬಿತ್ತು. ಪಂಚೆ ಮರೇಲಿ ಗುಂಡಿ ಒತ್ತಿ ನೋಡಿದೆ, ನೂರಕ್ಕೆ ತೊಂಬತ್ತು ಸಲ ನಾನೇ ಗೆಲ್ಲಬೇಕು. ನೀನು ಬೀಜ ಇಟ್ಟೆ, ನಾನೂ ಇಟ್ಟೆ. ನೀನು ಮತ್ತೆ ಇಟ್ಟೆ, ನಾನೂ ಇಟ್ಟೆ. ಆಮೇಲೆ ನೀನು ಬಾಗಿಲ ಹತ್ರ ಸೊಂಟ ಹಿಡ್ಕೊಂಡು ನಿಂತಿದ್ದ ಇಂದ್ರಮ್ಮನ್ನ ಒಂದ್ಸಲ ನೋಡಿ, ಎಲೆ ತೋರಿಸದೆ ಕವುಚಿ ಹಾಕಿ ಸೋತೆ ಅಂದ್ಬುಟ್ಟೆ. ನಾನು ಎದ್ದು ನಿಂತು ಆ ಮಿಷನ್ನಿಗೆ ಮುತ್ತು ಕೊಟ್ಟೆ. ಅದನ್ನ ನೆನೆಸಿಕೊಂಡ್ರೆ ಈಗ ಮೈ ಉರೀತದೆ.

ಅಲ್ಲಿಂದೀಚೆಗೆ ಕಾರ್ಖಾನೇಲಿ ನನ್ನ ಹೆಸರೇ ‘ಕಣಕ್ಕುಪಿಳ್ಳೆ’, ಲೆಕ್ಕದೋನು. ತಲೆ ಓಡಿಸಿ ಕೆಲಸ ಗೆದ್ದೆ ಅಂತ ಬಂದೋರಿಗೆಲ್ಲ ಹೇಳ್ದೆ. ನೀನು ಮಗು ನಾಮಕರಣಕ್ಕೆ ಬಂದಾಗ ನಿನ್ನ ಎದುರಿಗೇ ಹೇಳ್ದೆ. ನೀನು ತಲೆ ಬಗ್ಗಿಸಿ ನಕ್ಕೆ, ಬೆಳಗ್ಗೆ ಎದ್ದು ಅಂಚೆಟ್ಟಿ ಬಸ್ಸು ಹತ್ತಿ ಚೆನ್ನಮ್ಮತ್ತೆ ಮನೆಗೆ ಹೋಗ್ಬುಟ್ಟೆ, ಮತ್ತೆ ಯುಗಾದಿಗೆ ಬರಲೇ ಇಲ್ಲ. ಸೋತ ನಾಚಿಕೆ ಅಂತ ತಿಳ್ಕೊಂಡೆ.

ಈ ಸಲಾನೂ ನಂಜಪ್ಪನ ಮುಂದೆ ಅದೇ ಪುರಾಣ ಶುರು ಮಾಡ್ದೆ. ಎರಡು ರಾಜ, ನೂರಕ್ಕೆ ತೊಂಬತ್ತು ಅಂತ. ಅಮ್ಮ ಪಕ್ಕದಲ್ಲಿ ಎಲೆ ಅಡಿಕೆ ಕುಟ್ತಾ ಕೂತಿದ್ಲು. ಕುಟ್ಟೋದು ನಿಲ್ಲಿಸದೇನೇ ಹೇಳಿದ್ಲು, ‘ಸಾಕು ಬುಡ್ಲಾ ಅಂಜನ. ಅವನ ಕೈಲಿ ಮೂರು ಏಳು ಇದ್ವು. ಅವತ್ತು ನಾನು ಅವನ ಹಿಂದೇನೇ ಕೂತಿದ್ದೆ.’ ನಂಜಪ್ಪ ಎಲೆ ಹಂಚೋದು ನಿಲ್ಲಿಸಿದ. ಮೂರು ಏಳರ ಮುಂದೆ ಎರಡು ರಾಜ ಯಾವ ಲೆಕ್ಕ.

ಎಲ್ಲಾರೂ ಹೋದ್ಮೇಲೆ ಅಮ್ಮನ್ನ ಕೇಳ್ದೆ. ಗೆದ್ದು ‘ಕೆಲಸ ಅಣ್ಣನಿಗೆ’ ಅಂದಿದ್ರೂ ಆಗ್ತಿತ್ತಲ್ಲ, ಎಲೆ ಯಾಕೆ ಕವುಚಿದ ಅಂತ. ನೀನು ಊರು ಬಿಡೋ ದಿನ ಅವಳಿಗೆ ಹೇಳಿದ್ದೆಯಂತೆ, ‘ಗೆದ್ದು ಕೊಟ್ರೆ ಅಣ್ಣ ಭಿಕ್ಷೆ ಅಂದ್ಕೋತಾನೆ ಕಣಮ್ಮ. ಸೋತರೆ ಅವನದ್ದೇ ಆಗ್ತದೆ.’ ಯಾರಿಗೂ ಹೇಳ್ಬೇಡ ಅಂತ ಆಣೆ ಬೇರೆ ಹಾಕಿಸಿದ್ದೆಯಂತೆ. ನನ್ನ ಜಂಬ ಕೇಳಿ ಕೇಳಿ ಅವಳಿಗೆ ಆಣೆ ಸಾಕಾಗಿ ಹೋಯ್ತಂತೆ.

ಅವತ್ತಿಂದ ಆ ಲೆಕ್ಕಾನ ಮತ್ತೆ ಮತ್ತೆ ಹಾಕ್ತಿದೀನಿ ಶ್ಯಾಮ. ಲೆಕ್ಕ ತಪ್ಪಿಲ್ಲ, ಅದೇ ನನಗೆ ನೋವು. ಎದುರಿಗಿರೋನ ಕೈಲಿ ಯಾವ ಎಲೆ ಬೇಕಾದ್ರೂ ಇರಬಹುದು ಅಂದ್ಕೊಂಡು ಹಾಕಿದ ಲೆಕ್ಕ ಅದು. ಆದ್ರೆ ಮತ್ತೆ ಮತ್ತೆ ಬೀಜ ಇಡೋನ ಕೈಲಿ ಯಾವುದೋ ಎಲೆ ಇರ್ತದಾ? ಇಟ್ಟಾಗಲೇ ನನಗೆ ತಿಳೀಬೇಕಿತ್ತು, ನಿನ್ನ ಮುಖ ನೋಡೋದು ಬಿಟ್ಟು ಮಿಷನ್ ನೋಡ್ದೆ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದೈತೆ. ಆಡೋಕೆ ಕೂತೋರೆಲ್ಲ ಗೆಲ್ಲೋಕೇ ಕೂತವ್ರೆ ಅಂತ ಆ ಮಿಷನ್ನು ನಂಬ್ತದೆ. ಸೋಲಬೇಕು ಅಂತ ಕೂತೋನನ್ನ ಲೆಕ್ಕಕ್ಕೆ ಹಿಡಿಯೋ ಗುಂಡಿ ಅದರಲ್ಲಿ ಇಲ್ಲ. ಅದಕ್ಕಾದ್ರೆ ಗೊತ್ತಿಲ್ಲ, ನಾನು ನಿನ್ನ ಒಡಹುಟ್ಟಿದೋನು, ನನಗೆ ಗೊತ್ತಾಗಬೇಕಿತ್ತು.

ಈಗ ಮಿಷನ್ ಮುನಿರತ್ನನ ಕೈಲೈತೆ. ಸೆಲ್ಲು ಸತ್ತು ಹೋಗೈತೆ, ಅವಳು ಅಂಗಡಿ ಆಟ ಆಡ್ತಾಳೆ. ನಾನು ಕೆಲಸಕ್ಕೆ ಹೋಗ್ತೀನಿ, ಬತ್ತೀನಿ. ಮೊನ್ನೆ ನಮ್ಮ ಸೆಕ್ಷನ್ನಲ್ಲಿ ಒಂದು ಮೋಟ್ರು ಕೆಟ್ಟು ಕೂತಿತ್ತು. ಅದರ ಮುಂದೆ ಸುಮ್ನೆ ನಿಂತ್ಕೊಂಡೆ. ನೀನಾಗಿದ್ರೆ ಊಟದ ಗಂಟೆಗೆ ಮುಂಚೆ ತಿರುಗಿಸ್ತಿದ್ದೆ. ಸೂಪರ್‌ವೈಸರ್ ಬೈದ್ರು, ಬೈಸ್ಕೊಂಡೆ.

ಮೈ ಕಡೆ ಗಮನ ಇರಲಿ, ಕಾಡು ಹಾದೀಲಿ ಹೊತ್ತು ಮುಳುಗಿದ ಮೇಲೆ ಒಬ್ಬನೇ ನಡೀಬೇಡ. ಚೆನ್ನಮ್ಮತ್ತೆಗೆ ನಮ್ಮೆಲ್ಲರ ನಮಸ್ಕಾರ. ಅಮ್ಮ, ಇಂದ್ರಮ್ಮ, ಮಗು ಎಲ್ಲಾರೂ ನಿನ್ನ ಕೇಳಿದ್ದಾರೆ. ನಮ್ಮ ಮನೆದೇವ್ರು ನಿನ್ನ ತಲೆ ಕಾಯಲಿ.

ಇಂತಿ ನಿನ್ನ ಅಣ್ಣ,
ಅಂಜನಪ್ಪ

ಮರೆತಿದ್ದೆ, ಟಪಾಲಿನ ಹೊತ್ತಾಯ್ತು, ಬೇಗ ಬರೀತೀನಿ. ಆ ವರ್ಷದ ಆಟ ಗೆದ್ದೋನು ನೀನು. ಅಪ್ಪನ ಕಟ್ಟಿನ ಪ್ರಕಾರ ನಿನ್ನ ಮಾತು ಇನ್ನೂ ಬಾಕಿ ಐತೆ. ಏನಾದ್ರೂ ಕೇಳು, ಮುಂದಿನ ಯುಗಾದಿವರೆಗೂ ನಡೆಸ್ತೀನಿ. ಮತ್ತೆ ಕೊಟ್ಟಿಗೆ ಬಳಿ ಅಂದ್ರೂ ಬಳೀತೀನಿ. ‘ನನ್ನ ಪಾಡಿಗೆ ನನ್ನ ಬುಟ್ಬುಡು, ಕರೀಬೇಡ’ ಅಂತ ಮಾತ್ರ ಕೇಳ್ಬೇಡ ಕಣ್ಲಾ. ಕೇಳಿದ್ರೆ ಅದನ್ನೂ ನಡೆಸಬೇಕಾಗ್ತದೆ.